ಬಡ್ತಿ ಬೇಡವೆಂದು ಬರೆದುಕೊಟ್ಟ ಹೆಂಗಸರು

ಅಮ್ಮೆಂಬಳ ಸುಬ್ಬರಾವ್ ಪೈಯವರು 1891ರಲ್ಲಿ ಮಂಗಳೂರಿನಲ್ಲಿ ಗಂಡುಮಕ್ಕಳಿಗಾಗಿ ಕೆನರಾ ಹೈಸ್ಕೂಲು ತೆರೆದರು. ಮೂರು ವರ್ಷ ಕಳೆದು, 1894ರಲ್ಲಿ, ಹೆಣ್ಣುಮಕ್ಕಳಿಗೂ ಒಂದು ಶಾಲೆ ತೆರೆದರು. 1906ರ ಜುಲೈ 1ರಂದು ‘ಕೆನರಾ ಹಿಂದೂ ಪರ್ಮನೆಂಟ್ ಫಂಡ್’ ಎಂಬ ಹೆಸರಿನಲ್ಲಿ ಇಂದಿನ ಕೆನರಾ ಬ್ಯಾಂಕಿಗೆ ಅಡಿಪಾಯ ಹಾಕಿದವರೂ ಅವರೇ. ಹುಡುಗಿಯರಿಗೆ ಅಕ್ಷರ ಕಲಿಸಬೇಕೆಂದು ಹೊರಟ ಕೈ, ಊರಿನ ಹಣವನ್ನು ಒಂದೆಡೆ ಸೇರಿಸಬೇಕೆಂದು ಹೊರಟ ಕೈ, ಎರಡೂ ಒಂದೇ. ಆದರೂ ಆ ಶಾಲೆಯಲ್ಲಿ ಕೂಡುವ ಕಳೆಯುವ ಲೆಕ್ಕ ಕಲಿತ ಹುಡುಗಿ ನಮ್ಮ ಜಿಲ್ಲೆಯ ಬ್ಯಾಂಕಿನ ಕೌಂಟರಿನ ಒಳಗೆ ಬಂದು ಕೂರುವುದಕ್ಕೆ ಹಲವು ದಶಕಗಳು ಬೇಕಾದವು.

ನಮ್ಮ ಅವಿಭಜಿತ ದಕ್ಷಿಣ ಕನ್ನಡದ ಬ್ಯಾಂಕುಗಳ ಕತೆ ಎಲ್ಲರಿಗೂ ಗೊತ್ತು. 1906ರ ಮಾರ್ಚಿನಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಶುರುಮಾಡಿದ್ದು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. 1924ರಲ್ಲಿ ಕರ್ನಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ, 1931ರಲ್ಲಿ ಎ.ಬಿ. ಶೆಟ್ಟರ ಮುಂದಾಳ್ತನದಲ್ಲಿ ವಿಜಯಾ ಬ್ಯಾಂಕ್. ಒಂದೇ ಜಿಲ್ಲೆಯಲ್ಲಿ ಇಷ್ಟು. ಈ ಹಿರಿಯರ ಮೇಲೆ ಪುಸ್ತಕಗಳು ಬಂದಿವೆ, ಅವರ ಹೆಸರಿನ ರಸ್ತೆ, ಸಭಾಂಗಣಗಳಿವೆ. ಬರಲೇಬೇಕು, ಇರಲೇಬೇಕು. ನಾನು ಹೇಳಬೇಕೆಂದಿರುವುದು ಇನ್ನೊಂದು ಕತೆ. ಸುಮಾರು ನಾಲ್ಕು ದಶಕ ನಾನು ಈ ಸೀಮೆಯ ಶಾಖೆಗಳಲ್ಲಿ ಗುಮಾಸ್ತೆಯಾಗಿ ದುಡಿದವಳು, ಗುಮಾಸ್ತೆಯಾಗಿಯೇ ನಿವೃತ್ತಳಾದವಳು. ನನ್ನಂಥವರು ಸಾವಿರಾರು ಮಂದಿ ಇದ್ದರು. ನಮ್ಮ ಬಗ್ಗೆ ಬರೆದವರು ಕಡಿಮೆ.

ಬ್ಯಾಂಕಿನಲ್ಲಿ ಹೆಂಗಸರು ಮೊದಲು ಕಾಣಿಸಿಕೊಂಡದ್ದು ದುಡಿಯುವವರಾಗಿ ಅಲ್ಲ, ಉಳಿಸುವವರಾಗಿ. ಅದೂ ಬ್ಯಾಂಕಿನ ಒಳಗಲ್ಲ, ತಮ್ಮ ಮನೆಯ ಜಗಲಿಯಲ್ಲಿ. 1928ರಲ್ಲಿ ಸಿಂಡಿಕೇಟಿನವರು ಪಿಗ್ಮಿ ಠೇವಣಿ ತಂದರು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು. ಏಜೆಂಟ್ ಮನೆ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗಿ ಜಮಾ ಮಾಡುತ್ತಾನೆ. ಕೋಳಿಮೊಟ್ಟೆ ಮಾರಿದ ಹಣ, ಹಾಲಿನ ಹಣ, ಮೀನು ಮಾರಿ ಬಂದ ಚಿಲ್ಲರೆ, ಮುಂದೆ ಬೀಡಿ ಕಟ್ಟಿದ ಮಜೂರಿ, ಎಲ್ಲ ಆ ಏಜೆಂಟಿನ ಚೀಲಕ್ಕೆ ಬಿದ್ದವು. ಹೆಂಗಸಿನ ಹಣ ಬ್ಯಾಂಕು ಸೇರಿತು. ಹೆಂಗಸು ಮಾತ್ರ ಮೆಟ್ಟಿಲು ಹತ್ತಲಿಲ್ಲ.

ಯಾಕೆ ಹತ್ತಲಿಲ್ಲ ಎಂದರೆ ಆಗಿನ ಬ್ಯಾಂಕಿನ ನೌಕರಿ ನಡೆಯುತ್ತಿದ್ದ ರೀತಿ ಹಾಗಿತ್ತು. ಪರಿಚಯದ ಮನೆತನದ ಹುಡುಗನನ್ನು ಹತ್ತನೆಯ ತರಗತಿ ಮುಗಿಯುತ್ತಲೇ ಕರೆದು ಕೂರಿಸುತ್ತಿದ್ದರು. ನಗದಿನ ಕೆಲಸಕ್ಕೆ ಜಾಮೀನು ಕೇಳುತ್ತಿದ್ದರು. ಘಟ್ಟದ ಮೇಲಿನ ಊರಿಗೋ ಬೊಂಬಾಯಿಗೋ ಕಳಿಸಿದರೆ ಅವನು ಹೋಟೆಲಿನಲ್ಲಿ ಉಂಡು, ಶಾಖೆಯ ಮಾಳಿಗೆಯಲ್ಲೇ ಮಲಗಿ, ಬೆಳಿಗ್ಗೆ ಎದ್ದು ಬಾಗಿಲು ತೆರೆಯುತ್ತಿದ್ದ. ಹೀಗೆ ಬೆಳೆದ ಕಸುಬಿನಲ್ಲಿ ಹೆಣ್ಣಿಗೆ ಜಾಗವನ್ನು ಯಾರೂ ಯೋಚಿಸಿರಲೇ ಇಲ್ಲ. ಮಂಗಳೂರಿನಲ್ಲಿ 1921ರಲ್ಲೇ ಸೇಂಟ್ ಆ್ಯಗ್ನೆಸ್ ಕಾಲೇಜು ಶುರುವಾಗಿತ್ತು. ಅಲ್ಲಿ ಪದವಿ ಪಡೆದವರಿಗೆ ಎದುರಿಗಿದ್ದ ದಾರಿ ಹೆಚ್ಚಾಗಿ ಟೀಚರಮ್ಮನಾಗುವುದು. ನರ್ಸಾಗುವುದು ಇನ್ನೊಂದು. ಕಚೇರಿಯ ಕುರ್ಚಿಯಲ್ಲಿ ಮೊದಮೊದಲು ಕೂತವರಲ್ಲಿ ಬೆಂಗಳೂರಿನ ದಂಡು ಪ್ರದೇಶದ ಹೆಂಗಸರಿದ್ದರು. ಆಂಗ್ಲೋ ಇಂಡಿಯನ್ ಮನೆಗಳ ಹೆಣ್ಣುಮಕ್ಕಳು ಟೈಪಿಸ್ಟರಾಗಿ, ಸ್ಟೆನೋಗಳಾಗಿ, ಟೆಲಿಫೋನ್ ಆಪರೇಟರುಗಳಾಗಿ ದುಡಿದರು. ಅವರನ್ನು ನೋಡಿ ಊರವರು ಆಡಿಕೊಂಡ ಮಾತುಗಳನ್ನು ನಾನು ಚಿಕ್ಕವಳಿದ್ದಾಗಲೂ ಕೇಳಿದ್ದೇನೆ. ಆ ಮಾತುಗಳನ್ನೆಲ್ಲ ಮೊದಲು ತಾಳಿಕೊಂಡವರು ಅವರು. ನಮಗೆ ಬಂದ ಪಾಲು ಸಣ್ಣದು, ಅದಕ್ಕೆ ಅವರ ಋಣ ನಮ್ಮ ಮೇಲಿದೆ.

ನಮ್ಮ ಕಡೆಯ ಹುಡುಗಿಯರಿಗೆ ಕಚೇರಿಯ ದಾರಿ ತೋರಿಸಿದ್ದು ಟೈಪಿಂಗ್ ಕ್ಲಾಸು. ತಾಲೂಕು ಪೇಟೆಗಳ ಬಸ್‌ಸ್ಟ್ಯಾಂಡಿನ ಹತ್ತಿರ, ಯಾವುದಾದರೊಂದು ಅಂಗಡಿಯ ಮೇಲಿನ ಮಹಡಿಯಲ್ಲಿ, ಹಳೆಯ ರೆಮಿಂಗ್ಟನ್ ಯಂತ್ರಗಳ ಸಾಲು. ಎ ಎಸ್ ಡಿ ಎಫ್ ಜಿ ಎಫ್ ಎಂದು ಎಡಗೈ, ಸೆಮಿಕೋಲನ್ ಎಲ್ ಕೆ ಜೆ ಎಚ್ ಜೆ ಎಂದು ಬಲಗೈ. ಕಿರುಬೆರಳಿಗೆ ಶಕ್ತಿ ಬರುವವರೆಗೆ ಅದೇ ಸಾಲು, ಮತ್ತೆ ಅದೇ ಸಾಲು. ಜೂನಿಯರ್ ಪರೀಕ್ಷೆಗೆ ನಿಮಿಷಕ್ಕೆ ಮೂವತ್ತು ಪದ, ಸೀನಿಯರಿಗೆ ನಲವತ್ತೈದು. 1963ರಲ್ಲಿ ರಾಜ್ಯದಲ್ಲಿ ಕನ್ನಡ ಆಡಳಿತ ಭಾಷೆಯ ಕಾಯ್ದೆ ಬಂದ ಮೇಲೆ ಕೆ. ಅನಂತಸುಬ್ಬರಾಯರು ರೂಪಿಸಿದ ಕೀಲಿಮಣೆಯ ಕನ್ನಡ ಯಂತ್ರಗಳಿಗೂ ಬೆಲೆ ಬಂತು. ಕಾಲೇಜಿಗೆ ಕಳಿಸಲು ಹಿಂದೆಮುಂದೆ ನೋಡುತ್ತಿದ್ದ ಮನೆಗಳೂ ಟೈಪಿಂಗಿಗೆ ಕಳಿಸುತ್ತಿದ್ದವು. ಖರ್ಚು ಕಡಿಮೆ, ಒಂದು ಗಂಟೆಯ ಮಾತು, ನಾಳೆ ಏನಾದರೂ ಆದರೆ ಕೈಗೊಂದು ಆಧಾರ. ‘ನಾಳೆ ಏನಾದರೂ ಆದರೆ’ ಎಂದು ನಮ್ಮ ಅಮ್ಮಂದಿರು ಹೇಳುತ್ತಿದ್ದಾಗ ಅವರ ಮನಸ್ಸಿನಲ್ಲಿದ್ದದ್ದು ಗಂಡ ಸತ್ತರೆ, ಬಿಟ್ಟರೆ ಎಂಬ ಯೋಚನೆ. ಮಗಳು ದುಡಿದು ತಾನೇ ಬದುಕು ಕಟ್ಟಿಕೊಳ್ಳಲಿ ಎಂಬ ಆಸೆಯನ್ನು ಬಾಯಿಬಿಟ್ಟು ಹೇಳುವ ಧೈರ್ಯ ಅವರಿಗಿರಲಿಲ್ಲ. ಆಸೆ ಇತ್ತು.

1962ರಲ್ಲಿ ಬೆಂಗಳೂರಿನ ಶೇಷಾದ್ರಿಪುರಂನಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಅದೇ ಸಂಸ್ಥೆ ಪೂರ್ತಿ ಮಹಿಳೆಯರೇ ನಡೆಸುವ ಶಾಖೆ ತೆರೆಯಿತು. ಇಂಥ ಶಾಖೆಯಿಂದ ಎರಡು ಸಂಗತಿ ಸಾಬೀತಾದವು. ಹೆಂಗಸು ನಗದು ಎಣಿಸಬಲ್ಲಳು, ಹೆಂಗಸು ಶಾಖೆ ನಡೆಸಬಲ್ಲಳು. ಇಂದಿನ ಹುಡುಗಿಯರಿಗೆ ಇದನ್ನು ಸಾಬೀತು ಮಾಡಬೇಕಾಗಿತ್ತೇ ಎನಿಸಬಹುದು. ಆಗಬೇಕಾಗಿತ್ತು. ಆದರೂ ನನ್ನ ಅಭಿಪ್ರಾಯ ಕೇಳಿದರೆ, ಹೆಂಗಸರದೇ ಶಾಖೆಗಿಂತ ಗಂಡಸರ ನಡುವೆ ಒಬ್ಬಳೋ ಇಬ್ಬರೋ ಹೆಂಗಸರು ಕೂತ ಸಾಮಾನ್ಯ ಶಾಖೆಗಳೇ ಹೆಚ್ಚು ಬದಲಾವಣೆ ತಂದವು. ಮಹಿಳಾ ಶಾಖೆಯನ್ನು ಜನ ಬಂದು ನೋಡಿಹೋಗುತ್ತಿದ್ದರು. ಸಾಮಾನ್ಯ ಶಾಖೆಯಲ್ಲಿ ಅಡಿಕೆ ಮಂಡಿಯ ಸಾಹುಕಾರನಿಗೆ ಹುಡುಗಿಯೊಬ್ಬಳ ಎದುರು ನಿಂತು ಚೆಕ್ಕು ಕೊಟ್ಟು, ಅವಳು ‘ಸಹಿ ಸರಿಯಿಲ್ಲ, ಇನ್ನೊಮ್ಮೆ ಹಾಕಿ’ ಎಂದಾಗ ಮರುಮಾತಿಲ್ಲದೆ ಹಾಕದೆ ಗತಿಯಿರಲಿಲ್ಲ. ಊರಿನ ಅಭ್ಯಾಸ ಬದಲಾದದ್ದು ಇಂಥ ದಿನನಿತ್ಯದ ಕೊಡುಕೊಳುವಿನಲ್ಲಿ.

ದೊಡ್ಡ ಬಾಗಿಲು ತೆರೆದದ್ದು 1969ರ ಜುಲೈ 19ರಂದು. ಇಂದಿರಾ ಗಾಂಧಿಯವರ ಸರಕಾರ 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿತು. ಕೆನರಾ, ಸಿಂಡಿಕೇಟ್ ಅದರಲ್ಲಿದ್ದವು. 1980ರಲ್ಲಿ ಇನ್ನೂ ಆರು. ಅದರಲ್ಲಿ ನಮ್ಮ ವಿಜಯಾ, ಕಾರ್ಪೊರೇಷನ್. 1969ರ ಜೂನಿನಲ್ಲಿ ದೇಶದಲ್ಲಿ ವಾಣಿಜ್ಯ ಬ್ಯಾಂಕುಗಳ ಶಾಖೆಗಳು 8,262. ಹನ್ನೊಂದು ವರ್ಷದಲ್ಲಿ ಅವು 32 ಸಾವಿರ ದಾಟಿದವು. ಅಷ್ಟೂ ಕಡೆ ಲೆಡ್ಜರ್ ಬರೆಯಲು, ಟೋಕನ್ ಕೊಡಲು, ಪತ್ರ ಟೈಪು ಮಾಡಲು ಜನ ಬೇಕಾಯಿತು. ಜೊತೆಗೆ ಎಪ್ಪತ್ತರ ದಶಕದ ಕೊನೆಗೆ ಬ್ಯಾಂಕಿಂಗ್ ಸೇವಾ ನೇಮಕಾತಿ ಮಂಡಳಿಗಳು ಬಂದವು. ಹೆಣ್ಣುಮಕ್ಕಳ ಮಟ್ಟಿಗೆ ರಾಷ್ಟ್ರೀಕರಣಕ್ಕಿಂತ ಈ ಮಂಡಳಿಗಳು ನಡೆಸಿದ ಪರೀಕ್ಷೆ ದೊಡ್ಡದು ಎಂದು ನಾನು ನಂಬಿದ್ದೇನೆ. ಯಾರ ಮಗಳು, ಯಾರ ಚೀಟಿ ತಂದಿದ್ದಾಳೆ ಎಂದು ಪ್ರಶ್ನೆಪತ್ರಿಕೆ ಕೇಳುವುದಿಲ್ಲ. ಪತ್ರಿಕೆಯಲ್ಲಿ ಜಾಹೀರಾತು ಬಂತು, ಅರ್ಜಿ ಹಾಕಿದೆವು, ಪೆನ್ಸಿಲಿನಲ್ಲಿ ಉತ್ತರಕ್ಕೆ ಗುರುತು ಹಾಕಿದೆವು, ಅಂಕ ಬಂದರೆ ಆಯಿತು. ಶಿರಸಿಯ ಹುಡುಗಿ, ಹಾಸನದ ಹುಡುಗಿ, ಕಾರ್ಕಳದ ಪಕ್ಕದ ಹಳ್ಳಿಯ ನಾನು, ಎಲ್ಲರೂ ಆ ಪರೀಕ್ಷೆಯ ಮಕ್ಕಳು.

ಲಿಖಿತ ಪರೀಕ್ಷೆಯ ನಂತರ ಸಂದರ್ಶನ ಇರುತ್ತಿತ್ತು. ಮದುವೆಯಾದ ಮೇಲೆ ಕೆಲಸ ಬಿಡುತ್ತೀರಾ ಎಂದು ನನ್ನನ್ನು ಕೇಳಿದರು. ನನ್ನ ಹಿಂದೆ ಮುಂದೆ ಕೂತಿದ್ದ ಹುಡುಗಿಯರನ್ನೂ ಕೇಳಿದರು. ಹುಡುಗರನ್ನು ಕೇಳಲಿಲ್ಲ. ಆ ಪ್ರಶ್ನೆಯ ಹಿಂದೆ ಒಂದು ಇತಿಹಾಸವಿತ್ತು. ಮದುವೆಯಾದ ಹೆಣ್ಣು ನೌಕರಿ ಬಿಡಬೇಕೆಂಬ ಷರತ್ತು ಎಷ್ಟೋ ಕಡೆ ಬರಹದಲ್ಲೇ ಇತ್ತು. ನಮ್ಮ ಕೊಡಗಿನ ವಿರಾಜಪೇಟೆಯ ಸಿ.ಬಿ. ಮುತ್ತಮ್ಮನವರು 1949ರಲ್ಲಿ ದೇಶದ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂದು ಅವರಿಂದ ಬರೆಸಿಕೊಂಡಿದ್ದರು. ಬಡ್ತಿಯಲ್ಲಿ ತಮಗೆ ಅನ್ಯಾಯವಾಗಿದೆಯೆಂದು ಅವರು ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಆ ಸೇವೆಯ ನಿಯಮಗಳನ್ನು ಕಟುವಾಗಿ ಖಂಡಿಸಿದರು. ಮುತ್ತಮ್ಮನವರು ರಾಯಭಾರಿ, ನಾನು ಗುಮಾಸ್ತೆ. ಆದರೆ ಆ ಸುದ್ದಿಯನ್ನು ಪೇಪರಿನಲ್ಲಿ ಓದಿದಾಗ ಅದು ನನ್ನದೇ ಕೇಸು ಎಂಬಂತೆ ಕತ್ತರಿಸಿ ಇಟ್ಟುಕೊಂಡಿದ್ದೆ.

ಸಂಬಳದ ವಿಷಯದಲ್ಲಿ ಬ್ಯಾಂಕು ಒಂದು ದೊಡ್ಡ ನ್ಯಾಯ ಮಾಡಿತು. ಬ್ಯಾಂಕ್ ನೌಕರರ ಸಂಬಳದ ಬಗ್ಗೆ ನ್ಯಾಯಮಂಡಳಿಗಳು ಕೊಟ್ಟ ತೀರ್ಪುಗಳಾದ 1953ರ ಶಾಸ್ತ್ರಿ ಅವಾರ್ಡ್, 1962ರ ದೇಸಾಯಿ ಅವಾರ್ಡ್, 1966ರಿಂದ ಯೂನಿಯನ್ನುಗಳ ಜೊತೆ ನಡೆದ ದ್ವಿಪಕ್ಷೀಯ ಒಪ್ಪಂದಗಳು, ಇವೆಲ್ಲದರಲ್ಲೂ ಗುಮಾಸ್ತರ ಶ್ರೇಣಿ ಒಂದೇ. ಗಂಡಿಗೊಂದು ಹೆಣ್ಣಿಗೊಂದು ಇರಲಿಲ್ಲ. ಸಮಾನ ವೇತನದ ಕಾಯ್ದೆ ದೇಶಕ್ಕೆ ಬಂದದ್ದು 1976ರಲ್ಲಿ. ಗದ್ದೆಯಲ್ಲಿ ನೇಜಿ ನೆಟ್ಟ ಹೆಂಗಸಿಗೆ ಗಂಡಾಳಿನ ಮಜೂರಿ ಸಿಗದ ಊರಿನಿಂದ ಬಂದ ನನಗೆ, ಪಕ್ಕದ ಕುರ್ಚಿಯ ಗಂಡಸಿನಷ್ಟೇ ಸಂಬಳ ಕೈಗೆ ಬಂದಾಗ ಅದರ ತೂಕ ಗೊತ್ತಾಯಿತು.

ನಮ್ಮದು ಅಳಿಯಸಂತಾನದ ಮನೆ. ಹೊರಗಿನವರು ಇದನ್ನು ಕೇಳಿದರೆ ನಿಮ್ಮಲ್ಲಿ ಹೆಂಗಸರದೇ ಆಸ್ತಿಯಲ್ಲವೇ ಎನ್ನುತ್ತಾರೆ. ಸಂತಾನ ಹೆಣ್ಣಿನಿಂದ ಲೆಕ್ಕ ಹಾಕುವುದು ನಿಜ, ಭೂಮಿ ಅಜ್ಜಿಯಿಂದ ಅಮ್ಮನಿಗೆ ಇಳಿಯುವುದೂ ನಿಜ. ಆದರೆ ಗೇಣಿ ವಸೂಲು ಮಾಡುವವರು, ಅಡಿಕೆ ಮಾರುವವರು, ಪೆಟ್ಟಿಗೆಯ ಕೀಲಿ ಇಟ್ಟುಕೊಳ್ಳುವವರು ಯಜಮಾನರಾದ ಸೋದರಮಾವ. 1949ರ ಅಳಿಯಸಂತಾನ ಕಾಯ್ದೆ ಕವರುಗಳಿಗೆ, ಅಂದರೆ ಕುಟುಂಬದ ಕವಲುಗಳಿಗೆ, ಪಾಲು ಕೇಳುವ ಹಕ್ಕು ಕೊಟ್ಟ ಮೇಲೆ ಕೋರ್ಟು ಕಚೇರಿ ಶುರುವಾದವೇ ಹೊರತು ಅಮ್ಮನ ಕೈಗೆ ಹಣ ಬಂದದ್ದನ್ನು ನಾನು ಕಾಣಲಿಲ್ಲ. ಬೆಳ್ತಿಗೆ ಅಕ್ಕಿ ತರಿಸಬೇಕಾದರೂ ಮಾವನ ಹತ್ತಿರ ಹೇಳಬೇಕು. ಹೀಗಿರುವಾಗ, ಗಂಡನದೂ ಅಲ್ಲದ, ಮಾವನದೂ ಅಲ್ಲದ, ನನ್ನದೇ ಸಹಿಯಿಂದ ತೆಗೆಯಬಹುದಾದ ಹಣ ನಮ್ಮ ಕುಟುಂಬದಲ್ಲಿ ಒಬ್ಬ ಹೆಣ್ಣಿಗೆ ಮೊದಲ ಸಲ ಸಿಕ್ಕಿದ್ದು ಬ್ಯಾಂಕಿನ ಸಂಬಳದ ರೂಪದಲ್ಲಿ. ಕೆಲಸಕ್ಕೆ ಸೇರಿದ ವರ್ಷವೇ ಅಮ್ಮನ ಹೆಸರಿನಲ್ಲಿ ಒಂದು ಉಳಿತಾಯ ಖಾತೆ ತೆರೆದೆ. ನಮೂನೆಯಲ್ಲಿ ಉದ್ಯೋಗ ಎಂಬ ಕಡೆ ‘ಕೃಷಿ’ ಎಂದು ಬರೆಯಲು ಹೇಳಿದರು ಅಮ್ಮ. ಗದ್ದೆಯ ಎಲ್ಲ ಕೆಲಸ ನೋಡಿಕೊಂಡವರು ಅವರೇ ಆಗಿದ್ದರಿಂದ ಹಾಗೆಯೇ ಬರೆದೆ.

ಕೆಲಸ ಹೇಗಿತ್ತು ಎಂದು ಇಂದಿನವರಿಗೆ ಹೇಳಬೇಕು. ಕಂಪ್ಯೂಟರ್ ಇಲ್ಲ. ಗ್ರಾಹಕ ಚೆಕ್ಕೋ ಹಣ ತೆಗೆಯುವ ಚೀಟಿಯೋ ಕೊಟ್ಟರೆ ಅವನಿಗೊಂದು ಹಿತ್ತಾಳೆಯ ಟೋಕನ್. ಚೀಟಿ ಲೆಡ್ಜರಿನವಳ ಹತ್ತಿರ ಬರುತ್ತದೆ. ಎರಡೂ ಕೈಯಲ್ಲಿ ಎತ್ತಬೇಕಾದ ಲೆಡ್ಜರ್. ಪುಟ ಹುಡುಕಿ, ಖರ್ಚು ಬರೆದು, ಬಾಕಿ ಕಳೆದು, ಚೀಟಿಯ ಮೇಲೆ ಪುಟದ ಸಂಖ್ಯೆ ಹಾಕಿ, ಲೆಡ್ಜರ್ ಸಮೇತ ಆಫೀಸರ ಮೇಜಿಗೆ. ಅಲ್ಲಿಂದ ಕ್ಯಾಶಿಗೆ. ಉಳಿತಾಯ ಖಾತೆಯ ಬಡ್ಡಿಗೆ ತಿಂಗಳ ಹತ್ತನೆಯ ತಾರೀಖಿನಿಂದ ಕೊನೆಯ ದಿನದವರೆಗೆ ಅತಿ ಕಡಿಮೆ ಬಾಕಿ ಎಷ್ಟಿತ್ತು ಎಂದು ನೋಡಿ, ಪ್ರತಿ ಖಾತೆಗೂ ಆರು ತಿಂಗಳದ್ದು ಕೂಡಿ, ರೆಡಿ ರೆಕನರ್ ತಿರುವಿ ಲೆಕ್ಕ ಹಾಕುತ್ತಿದ್ದೆವು. ಜೂನ್ 30, ಡಿಸೆಂಬರ್ 31 ಕ್ಲೋಸಿಂಗ್. ಬ್ಯಾಂಕುಗಳ ಲೆಕ್ಕದ ವರ್ಷ ಮಾರ್ಚಿಗೆ ಬದಲಾದದ್ದು 1989ರಲ್ಲಿ. ಅಲ್ಲಿಯವರೆಗೆ ಊರೆಲ್ಲ ಹೊಸ ವರ್ಷ ಎನ್ನುವ ರಾತ್ರಿ ನಾವು ಬ್ಯಾಲೆನ್ಸಿಂಗ್ ಮಾಡುತ್ತಿದ್ದೆವು. ಟ್ಯಾಲಿ ಆಗದೆ ಯಾರೂ ಏಳುವಂತಿಲ್ಲ. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಯಾರೋ ಅಂಕಿಗಳನ್ನು ಅದಲುಬದಲು ಬರೆದಿದ್ದಾರೆ ಎಂದು ಅರ್ಥ; 63ಕ್ಕೆ 36 ಆಗಿರಬೇಕು. ಎರಡರಿಂದ ಭಾಗವಾದರೆ ಜಮಾಕ್ಕೆ ಹೋಗಬೇಕಾದದ್ದು ಖರ್ಚಿಗೆ ಹೋಗಿದೆಯೇ ನೋಡಬೇಕು. ಇದನ್ನು ನನಗೆ ಕಲಿಸಿದ್ದು ಹಿರಿಯ ಗುಮಾಸ್ತರೊಬ್ಬರು, ಯಾವ ತರಬೇತಿ ಕೇಂದ್ರವೂ ಅಲ್ಲ.

ಆ ರಾತ್ರಿಗಳಲ್ಲಿ ಗಂಡಸರಿಗೆ ಇದ್ದದ್ದು ನಿದ್ದೆಯ ಚಿಂತೆ. ನಮಗೆ ಕೊನೆಯ ಬಸ್ಸಿನ ಚಿಂತೆ, ಅದು ತಪ್ಪಿದರೆ ಯಾರ ಮನೆಯಲ್ಲಿ ಮಲಗುವುದೆಂಬ ಚಿಂತೆ, ಮರುದಿನ ಊರವರು ಏನೆನ್ನುತ್ತಾರೆಂಬ ಚಿಂತೆ. ಶೌಚಾಲಯದ ಮಾತಂತೂ ಬೇಡ. ಹಳ್ಳಿಪೇಟೆಯ ಶಾಖೆಗಳು ಯಾರದೋ ಬಾಡಿಗೆ ಮಾಳಿಗೆಯಲ್ಲಿ ಇರುತ್ತಿದ್ದವು. ಅವನ್ನು ಬಾಡಿಗೆಗೆ ಹಿಡಿದವರು ತಿಜೋರಿಯ ಭಾರ ತಾಳುತ್ತದೆಯೇ ಎಂದು ನೋಡುತ್ತಿದ್ದರು, ಕಿಟಕಿಗೆ ಸರಳಿದೆಯೇ ಎಂದು ನೋಡುತ್ತಿದ್ದರು. ನಾನಿದ್ದ ಒಂದು ಶಾಖೆಯಲ್ಲಿ ಹೆಂಗಸರು ಎದುರಿನ ದರ್ಜಿಯ ಮನೆಗೆ ಹೋಗಬೇಕಿತ್ತು. ಆ ಮನೆಯ ಅಕ್ಕ ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಬೆಳಗಿನಿಂದ ನೀರು ಕುಡಿಯದೆ ಕೆಲಸ ಮಾಡಿ ಮೂತ್ರದ ಸೋಂಕು ತಂದುಕೊಂಡವರು ನನ್ನ ಗೆಳತಿಯರಲ್ಲಿ ಎಷ್ಟೋ ಮಂದಿ.

ಮೊದಮೊದಲು ನಮಗೆ ಟೈಪಿಂಗ್, ಟಪಾಲು, ಪಾಸ್‌ಬುಕ್ ಬರೆಯುವುದು ಇಷ್ಟೇ ಕೊಡುತ್ತಿದ್ದರು. ಕ್ಯಾಶಿಗೆ ಹೆಂಗಸು ಬೇಡ ಎಂಬ ಭಾವನೆ. ಹಣ ಕಡಿಮೆ ಬಂದರೆ ಕೈಯಿಂದ ಕಟ್ಟಬೇಕು, ಪಾಪ ಯಾಕೆ ತೊಂದರೆ ಎನ್ನುವುದು ಹೇಳುವ ಕಾರಣ. ಆದರೆ ಕ್ಯಾಶಿಗೆ ಕೂತವರಿಗೆ ಸಿಗುವ ವಿಶೇಷ ಭತ್ಯೆಯೂ ಆ ‘ಪಾಪ’ದ ಜೊತೆ ಕೈತಪ್ಪುತ್ತಿತ್ತು. ಸರದಿಯ ಪ್ರಕಾರ ಎಲ್ಲರಿಗೂ ಕ್ಯಾಶು ಎಂದು ಯೂನಿಯನ್ ಪಟ್ಟು ಹಿಡಿದ ಮೇಲೆ ನಾನು ಕೂತೆ. ಮೀನು ಮಾರುವವರು ತಂದ ಒದ್ದೆ ನೋಟುಗಳನ್ನು ಒಂದೊಂದಾಗಿ ಬಿಡಿಸಿ ಎಣಿಸಿದೆ.

ಆ ಕೌಂಟರಿಗೆ ಹೆಂಗಸು ಬಂದಳೆಂಬುದು ಎಲ್ಲರಿಗಿಂತ ಮೊದಲು ತಲುಪಿದ್ದು ಊರಿನ ಹೆಂಗಸರಿಗೆ. ಅಲ್ಲಿಯವರೆಗೆ ಗಂಡನನ್ನೋ ಮಗನನ್ನೋ ಕಳಿಸುತ್ತಿದ್ದವರು ತಾವೇ ಬರತೊಡಗಿದರು. ನಮ್ಮ ಕಡೆ ಚಿನ್ನದ ಸಾಲ ಹೆಚ್ಚು. ಮಳೆಗಾಲಕ್ಕೆ ಮುಂಚೆ ಬಳೆ ಇಟ್ಟು, ಕೊಯ್ಲಿನ ಮೇಲೆ ಬಿಡಿಸಿಕೊಳ್ಳುವುದು. ಕೊರಳಿನಿಂದ ಸರ ತೆಗೆದು ಗಂಡಸಿನ ಎದುರು ಮೇಜಿನ ಮೇಲಿಡುವುದಕ್ಕೂ ಹೆಂಗಸಿನ ಕೈಗೆ ಕೊಡುವುದಕ್ಕೂ ವ್ಯತ್ಯಾಸವಿದೆ. ಕೊಡುವಾಗ ಅವರು ಕಾರಣವನ್ನೂ ಹೇಳುತ್ತಿದ್ದರು. ಮಗಳ ಬಾಣಂತನ, ಗಂಡನ ಕುಡಿತ, ದೋಣಿಯ ಸಾಲ. ಬೀಡಿ ಕಟ್ಟುವ ಒಬ್ಬ ಹೆಂಗಸು ಪ್ರತಿ ವಾರ ಬಂದು ಸ್ವಲ್ಪ ಹಣ ಕಟ್ಟಿ, ಪಾಸ್‌ಬುಕ್ಕನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ ಎಂದು ಬೇಡಿಕೊಳ್ಳುತ್ತಿದ್ದಳು. ‘ಮನೆಯಲ್ಲಿ ಕಂಡರೆ ಉಳಿಯುವುದಿಲ್ಲ ಅಮ್ಮಾ’ ಎನ್ನುತ್ತಿದ್ದಳು. ಹಾಗೆ ಇಟ್ಟುಕೊಳ್ಳುವಂತಿಲ್ಲ ಅಕ್ಕಾ ಎಂದು ತಿಳಿಹೇಳಿ, ಅವಳ ನಂಬಿಕೆಯ ನೆರೆಮನೆಯ ಟೀಚರಮ್ಮನ ಹತ್ತಿರ ಇಡಿಸಿದೆ. ಅವಳ ಮಗ ಒಮ್ಮೆ ಬಂದು ಅಮ್ಮನದ್ದು ಇಲ್ಲಿ ಖಾತೆ ಇದೆಯೇ ಎಂದು ಕೇಳಿದ. ಕೆಲಸಕ್ಕೆ ಸೇರುವಾಗ ಎಲ್ಲರೂ ಗೋಪ್ಯತೆ ಕಾಪಾಡುತ್ತೇವೆಂದು ಸಹಿ ಹಾಕುತ್ತೇವೆ. ಸೇರಿದ ದಿನ ಆ ಕಾಗದವನ್ನು ಓದದೆ ಸಹಿ ಹಾಕಿದವರೇ ಹೆಚ್ಚು. ಅದು ಯಾತಕ್ಕಿದೆ ಎಂಬುದು ನನಗೆ ಅಂದು ಮನದಟ್ಟಾಯಿತು. ಖಾತೆಯ ವಿಷಯ ಖಾತೆದಾರರಿಗೆ ಮಾತ್ರ ಎಂದೆ. ಅವನು ಕೂಗಾಡಿದ. ಮ್ಯಾನೇಜರರು ನನ್ನ ಬೆನ್ನಿಗೆ ನಿಂತರು.

ಹೆರಿಗೆಯ ವಿಷಯಕ್ಕೆ ಬರುತ್ತೇನೆ. 1961ರ ಕಾಯ್ದೆ ಹನ್ನೆರಡು ವಾರಗಳ ರಜೆ ಕೊಟ್ಟಿತ್ತು. ಕಾಗದದಲ್ಲಿ ಹಕ್ಕಿದ್ದರೂ ಅದನ್ನು ಕೇಳುವಾಗ ಮುಖ ಕೆಳಗೆ ಮಾಡಬೇಕಾದ ಸ್ಥಿತಿ. ಎಲ್‌ಐಸಿಯಲ್ಲಿ ಕೆಲಸಕ್ಕೆ ಸೇರುವ ಹೆಂಗಸರಿಗೆ ಕೊಡುತ್ತಿದ್ದ ಘೋಷಣಾ ನಮೂನೆಯಲ್ಲಿ ಮುಟ್ಟಿನ ತಾರೀಖು, ಹಿಂದಿನ ಬಸಿರುಗಳ ವಿವರ ಎಲ್ಲವನ್ನೂ ಕೇಳಿದ್ದರು. ನೀರಾ ಮಾಥುರ್ ಎಂಬುವರನ್ನು ಹೆರಿಗೆ ರಜೆಯ ನಂತರ ಕೆಲಸದಿಂದ ತೆಗೆದಾಗ ಈ ನಮೂನೆ ಕೋರ್ಟಿನ ಎದುರು ಬಂತು. 1991ರಲ್ಲಿ ಸುಪ್ರೀಂ ಕೋರ್ಟು ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲು ಹೇಳಿ, ಆ ಅಂಕಣಗಳನ್ನು ತೆಗೆದುಹಾಕಿ ಎಂದಿತು. 2017ರ ತಿದ್ದುಪಡಿಯಿಂದ ರಜೆ 26 ವಾರ ಆಯಿತು. ಕತೆ ಅಲ್ಲಿಗೆ ಮುಗಿಯಿತೆಂದು ಸಮಾಧಾನ ಪಟ್ಟುಕೊಂಡರೆ, 2022ರ ಜನವರಿಯಲ್ಲಿ ದೇಶದ ಅತಿ ದೊಡ್ಡ ಬ್ಯಾಂಕಾದ ಸ್ಟೇಟ್ ಬ್ಯಾಂಕು, ಮೂರು ತಿಂಗಳು ಮೀರಿದ ಗರ್ಭಿಣಿಯರು ಹೊಸ ನೇಮಕಕ್ಕೆ ‘ತಾತ್ಕಾಲಿಕವಾಗಿ ಅನರ್ಹರು’ ಎಂಬ ನಿಯಮ ತರಲು ಹೋಯಿತು. ಪ್ರತಿಭಟನೆ ಎದ್ದ ಮೇಲೆ ಹಿಂದೆಗೆದುಕೊಂಡಿತು. ಅಷ್ಟು ಹೊತ್ತಿಗೆ ಆ ಬ್ಯಾಂಕಿನ ಅತ್ಯುನ್ನತ ಕುರ್ಚಿಯಲ್ಲಿ ಒಬ್ಬ ಮಹಿಳೆ ಕೂತು ಎದ್ದು ವರ್ಷಗಳಾಗಿದ್ದವು.

ಈಗ ಬಡ್ತಿಯ ಮಾತು. ನಾನು ಇದನ್ನು ಬರೆಯಲು ಹೊರಟದ್ದೇ ಇದಕ್ಕಾಗಿ. ಬ್ಯಾಂಕಿನಲ್ಲಿ ಗುಮಾಸ್ತರನ್ನು ಅವಾರ್ಡ್ ಸ್ಟಾಫ್ ಎನ್ನುತ್ತೇವೆ. ಅವಾರ್ಡ್ ಸ್ಟಾಫಿಗೆ ವರ್ಗ ಇದ್ದರೂ ಸಾಮಾನ್ಯವಾಗಿ ಹತ್ತಿರದಲ್ಲೇ. ಪರೀಕ್ಷೆ ಬರೆದು ಆಫೀಸರಾದರೆ ದೇಶದ ಯಾವ ಮೂಲೆಗಾದರೂ ಹೋಗಬೇಕು. ಬಡ್ತಿಯ ಆದೇಶದ ಜೊತೆಗೇ ವರ್ಗದ ಆದೇಶವೂ ಬರುತ್ತಿತ್ತು; ನಮ್ಮವರಿಗೆ ಬಿಹಾರ, ಉತ್ತರ ಪ್ರದೇಶ, ಒರಿಸ್ಸಾ. ಹೋಗಲಾಗದವರು ‘ನನ್ನ ವೈಯಕ್ತಿಕ ಕಾರಣಗಳಿಂದ ಬಡ್ತಿಯನ್ನು ಬಿಟ್ಟುಕೊಡುತ್ತಿದ್ದೇನೆ’ ಎಂದು ಬರೆದುಕೊಡಬೇಕು. ನಾನು ಬರೆದುಕೊಟ್ಟೆ. ನನ್ನ ಗೆಳತಿಯರೂ ಬರೆದುಕೊಟ್ಟರು. ಎಷ್ಟೋ ಮಂದಿ ಪರೀಕ್ಷೆಗೇ ಕೂರಲಿಲ್ಲ.

ವೈಯಕ್ತಿಕ ಕಾರಣ ಎಂದರೆ ಏನಿತ್ತು? ಎಂಟು ವರ್ಷದ ಮಗಳು, ಹಾಸಿಗೆ ಹಿಡಿದ ಅತ್ತೆ, ಸರಕಾರಿ ಶಾಲೆಯಲ್ಲಿ ಮೇಷ್ಟ್ರಾಗಿದ್ದ ಗಂಡ. ಅವರ ನೌಕರಿ ಜಿಲ್ಲೆ ಬಿಟ್ಟು ಹೋಗುವುದಲ್ಲ. ಇದೇ ಪರಿಸ್ಥಿತಿಯಲ್ಲಿ ನನ್ನ ಪಕ್ಕದ ಕುರ್ಚಿಯವರು ಬಡ್ತಿ ಪಡೆದು ಗೋರಖಪುರದ ಕಡೆ ಹೋದರು. ಅವರ ಮಕ್ಕಳನ್ನೂ ಅಪ್ಪ ಅಮ್ಮನನ್ನೂ ಅವರ ಹೆಂಡತಿ ಊರಿನಲ್ಲಿ ನೋಡಿಕೊಂಡರು. ಮೂರು ವರ್ಷಕ್ಕೆ ಮರಳಿ ಬಂದರು, ಮತ್ತೆ ಬಡ್ತಿ, ಕೊನೆಗೆ ಚೀಫ್ ಮ್ಯಾನೇಜರ್. ಒಳ್ಳೆಯ ಮನುಷ್ಯ, ಕೆಲಸದಲ್ಲಿ ಗಟ್ಟಿಗ, ಅವರ ಏಳ್ಗೆ ಕಂಡು ನನಗೆ ಸಂತೋಷವೇ. ಆದರೆ ಅವರಿಗೆ ಮನೆ ನೋಡಿಕೊಳ್ಳಲು ಹೆಂಡತಿಯಿದ್ದಳು, ನನಗೆ ಇರಲಿಲ್ಲ. ಬ್ಯಾಂಕಿನ ವರ್ಗಾವಣೆ ನಿಯಮವನ್ನು ಬರೆದವರು ಪ್ರತಿ ಆಫೀಸರಿಗೂ ಊರಿನಲ್ಲೊಬ್ಬ ಹೆಂಡತಿ ಇರುತ್ತಾಳೆ ಎಂದುಕೊಂಡೇ ಬರೆದಿದ್ದರು. ಮಾಳಿಗೆಯಲ್ಲಿ ಮಲಗಿ ಹೋಟೆಲಿನಲ್ಲಿ ಉಣ್ಣುತ್ತಿದ್ದ ಆ ಹಳೆಯ ಕಾಲದ ಹುಡುಗನಿಗಾಗಿ ಮಾಡಿದ ಏರ್ಪಾಡು ಅದು. ಕುರ್ಚಿಯಲ್ಲಿ ಹೆಂಗಸರು ಬಂದು ಕೂತ ಮೇಲೂ ಬದಲಾಗಲಿಲ್ಲ.

ಇಷ್ಟಾಗಿ, ಹೆಂಗಸರಿಗೆ ಮಹತ್ವಾಕಾಂಕ್ಷೆ ಕಡಿಮೆ, ಆರಾಮದ ಕೆಲಸ ಬೇಕು, ಬಡ್ತಿ ಕೊಟ್ಟರೂ ಬೇಡ ಎನ್ನುತ್ತಾರೆ ಎಂಬ ಮಾತನ್ನು ನಾನು ಸಭೆಗಳಲ್ಲಿ, ಬೀಳ್ಕೊಡುಗೆಯ ಭಾಷಣಗಳಲ್ಲಿ ಕೇಳುತ್ತ ಬಂದೆ. ಇದು ಸುಳ್ಳು. ನಾವು ಬೇಡವೆಂದದ್ದು ಬಡ್ತಿಯನ್ನಲ್ಲ, ಅದಕ್ಕೆ ಅಂಟಿಸಿದ್ದ ಷರತ್ತನ್ನು. 2014ರ ಆಗಸ್ಟಿನಲ್ಲಿ ಕೇಂದ್ರದ ಹಣಕಾಸು ಇಲಾಖೆ ಸರಕಾರಿ ಬ್ಯಾಂಕುಗಳಿಗೆ ಸೂಚನೆ ಕೊಟ್ಟಿತು: ಮದುವೆಯಾದ ಮಹಿಳೆಯರನ್ನು ಆದಷ್ಟೂ ಗಂಡ ಇರುವ ಊರಿಗೆ, ಮದುವೆಯಾಗದವರನ್ನು ತಂದೆತಾಯಿ ಇರುವ ಊರಿಗೆ ಹತ್ತಿರವಾಗಿ ಹಾಕಿ ಎಂದು. ರಾಷ್ಟ್ರೀಕರಣವಾಗಿ 45 ವರ್ಷದ ಮೇಲೆ. ಅಂದರೆ ತೊಂದರೆ ಎಲ್ಲಿದೆಯೆಂದು ಸರಕಾರಕ್ಕೆ ಗೊತ್ತಿತ್ತು. ಅಷ್ಟರಲ್ಲಿ ನಮ್ಮ ಪೀಳಿಗೆಯ ಹೆಚ್ಚಿನವರಿಗೆ ನಿವೃತ್ತಿ ಹತ್ತಿರವಾಗಿತ್ತು.

ಹೋದವರೂ ಇದ್ದರು. ಅವರನ್ನು ನಾನು ಗೌರವದಿಂದ ನೆನೆಯುತ್ತೇನೆ. ಹಿಂದಿ ಬಾರದೆ, ಪುಟ್ಟ ಮಗುವನ್ನು ಎತ್ತಿಕೊಂಡು, ತಾಯಿಯನ್ನು ಜೊತೆಗೆ ಕರೆದುಕೊಂಡು ಉತ್ತರದ ಯಾವುದೋ ಊರಿಗೆ ಹೋಗಿ ಶಾಖೆ ನಡೆಸಿದವರು. 2000ದಲ್ಲಿ ರಂಜನಾ ಕುಮಾರ್ ಇಂಡಿಯನ್ ಬ್ಯಾಂಕಿನ ಚುಕ್ಕಾಣಿ ಹಿಡಿದರು. 2013ರಲ್ಲಿ ಅರುಂಧತಿ ಭಟ್ಟಾಚಾರ್ಯ ಸ್ಟೇಟ್ ಬ್ಯಾಂಕಿನ ಅಧ್ಯಕ್ಷೆಯಾದರು. ಮಕ್ಕಳು ಹಿರಿಯರ ಆರೈಕೆಗಾಗಿ ಮಹಿಳೆಯರು ಎರಡು ವರ್ಷದವರೆಗೆ ಕೆಲಸದಿಂದ ಬಿಡುವು ಪಡೆಯುವ ಏರ್ಪಾಡನ್ನು ಅವರು ತಂದರು. ನಮ್ಮ ಊರಿನ ವಿಜಯಾ ಬ್ಯಾಂಕಿಗೆ 1988ರಲ್ಲಿ ಆಫೀಸರಾಗಿ ಸೇರಿದ ಎ. ಮಣಿಮೇಖಲೈ 2022ರಲ್ಲಿ ಯೂನಿಯನ್ ಬ್ಯಾಂಕಿನ ಮುಖ್ಯಸ್ಥೆಯಾದರು. ಇವರ ಹೆಸರು ಪತ್ರಿಕೆಯಲ್ಲಿ ಬಂದಾಗಲೆಲ್ಲ ನಾವು ಒಬ್ಬರಿಗೊಬ್ಬರು ಫೋನು ಮಾಡಿ ಹಂಚಿಕೊಂಡಿದ್ದೇವೆ. ಆದರೆ ಮೂರು ಹೆಸರು ಹೇಳಿ ಹೆಂಗಸರು ಎಲ್ಲಿಗೋ ಮುಟ್ಟಿದರು ಎಂದು ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಸಾವಿರಾರು ಹೆಂಗಸರು ಏರಲಾಗದ ಏಣಿಯನ್ನು ಒಬ್ಬರು ಏರಿದರೆ ಏಣಿ ಸರಿಯಾಗಿದೆ ಎಂದಾಗುವುದಿಲ್ಲ.

ಇನ್ನು, ಗುಮಾಸ್ತೆಯಾಗಿ ಉಳಿದವರು ಏನು ಮಾಡಿದರು ಎಂದು ಕೇಳಿದರೆ, ಮನೆಗಳನ್ನು ಕಟ್ಟಿದರು. ಸಿಬ್ಬಂದಿಗೆ ಕಡಿಮೆ ಬಡ್ಡಿಯಲ್ಲಿ ಸಿಗುವ ಗೃಹಸಾಲ ತೆಗೆದು, ಖಾತೆ ಪಟ್ಟಿಯಲ್ಲಿ ತಮ್ಮದೇ ಹೆಸರು ಹಾಕಿಸಿ ಕಟ್ಟಿದರು. ತಮ್ಮಂದಿರನ್ನು ಎಂಜಿನಿಯರ್ ಮಾಡಿದರು, ತಂಗಿಯರ ಮದುವೆ ಮಾಡಿದರು. 1983ರಲ್ಲಿ ಬಂದ ‘ಬೆಂಕಿಯಲ್ಲಿ ಅರಳಿದ ಹೂವು’ ಚಿತ್ರದಲ್ಲಿ ಸುಹಾಸಿನಿ ಮಾಡಿದ ದುಡಿಯುವ ಅಕ್ಕನ ಪಾತ್ರ ನೋಡಿ ಥಿಯೇಟರಿನಲ್ಲಿ ಅತ್ತ ಹೆಂಗಸರನ್ನು ನಾನು ಕಂಡಿದ್ದೇನೆ. ಅದು ಅವರ ಮನೆಯದೇ ಕತೆ. ಕೆಲವು ಮನೆಗಳಲ್ಲಿ ಮಗಳ ಸಂಬಳ ನಿಂತುಹೋಗುತ್ತದೆಂದು ಮದುವೆಯನ್ನೇ ಮುಂದೂಡಿದರು. ಕೆಲವರ ಸಂಬಳವನ್ನು ಒಂದನೆಯ ತಾರೀಖಿಗೇ ಗಂಡ ಬಂದು ತೆಗೆದುಕೊಂಡು ಹೋಗುತ್ತಿದ್ದ. ಅವಳು ಬಸ್ಸಿನ ಖರ್ಚಿಗೆ ಅವನನ್ನೇ ಕೇಳಬೇಕು. ಲಕ್ಷಗಟ್ಟಲೆ ಹಣ ಎಣಿಸುವ ಕೈಗೆ ಹತ್ತು ರೂಪಾಯಿಯ ಸ್ವಾತಂತ್ರ್ಯವಿಲ್ಲದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ನೌಕರಿ ಒಂದೇ ಎಲ್ಲವನ್ನೂ ಕೊಟ್ಟಿತೆಂದು ಹೇಳಲಾರೆ.

ನಮ್ಮ ಜಿಲ್ಲೆಯ ಆ ಬ್ಯಾಂಕುಗಳಲ್ಲಿ ಮೂರರ ಹೆಸರೂ ಈಗ ಉಳಿದಿಲ್ಲ. ವಿಜಯಾ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದಲ್ಲಿ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿದವು. ಶಾಖೆಗಳನ್ನು ಒಂದಾಗಿಸಿದಾಗ ಹಳೆಯ ಕಡತ ರದ್ದಿಗೆ ಹೋಗುತ್ತದೆ. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಹಳೆಯ ಮನೆಯಲ್ಲಿ ನಾಣ್ಯಗಳ ಸಂಗ್ರಹಾಲಯ ಮಾಡಿದ್ದಾರೆ, ಒಳ್ಳೆಯ ಕೆಲಸ. ಅಲ್ಲಿ ನಾಣ್ಯಕ್ಕೆ ಸಿಕ್ಕ ಜಾಗದ ಪಕ್ಕ, ಆ ನಾಣ್ಯವನ್ನು ಎಣಿಸಿದ ಹೆಂಗಸಿನ ಕಾಗದಕ್ಕೂ ಜಾಗ ಬೇಕು. ನೇಮಕದ ಆದೇಶ, ಹಾಜರಿ ಪುಸ್ತಕ, ಹೆರಿಗೆ ರಜೆಯ ಅರ್ಜಿ, ಶಾಖೆಯ ವಾರ್ಷಿಕೋತ್ಸವದ ಫೋಟೊ, ಮತ್ತು ಮುಖ್ಯವಾಗಿ ಬಡ್ತಿ ಬಿಟ್ಟುಕೊಟ್ಟ ಪತ್ರಗಳು. ಆ ಪತ್ರಗಳನ್ನು ರಾಶಿ ಹಾಕಿ ಓದಿದರೆ ನಮ್ಮ ನಾಡಿನ ಒಂದು ಪೀಳಿಗೆಯ ಹೆಂಗಸರ ಚರಿತ್ರೆ ಸಿಗುತ್ತದೆ.

ನಿಮ್ಮ ಅಮ್ಮ, ದೊಡ್ಡಮ್ಮ, ಅತ್ತೆ ಯಾರಾದರೂ ಬ್ಯಾಂಕಿನಲ್ಲೋ ತಾಲೂಕು ಕಚೇರಿಯಲ್ಲೋ ಗುಮಾಸ್ತೆಯಾಗಿದ್ದರೆ ಅವರ ಟ್ರಂಕಿನಲ್ಲಿ ಇಂಥದೊಂದು ಕಾಗದದ ನಕಲು ಇರಬಹುದು. ಮನೆ ಖಾಲಿ ಮಾಡುವಾಗ ಅದನ್ನು ಎಸೆಯಬೇಡಿ. ಅವರು ಬದುಕಿದ್ದರೆ ಹತ್ತಿರ ಕೂತು ಕೇಳಿ: ಬಡ್ತಿಯ ಪರೀಕ್ಷೆ ಬರೆದಿದ್ದರೇ, ಯಾವ ಊರಿಗೆ ಹಾಕಿದ್ದರು, ಯಾಕೆ ಹೋಗಲಿಲ್ಲ. ಅವರು ಹೇಳಿದ್ದನ್ನು ತಾರೀಖು ಹಾಕಿ ಬರೆದಿಡಿ.